ಹಸಿ ಮೊಟ್ಟೆ

ಇವತ್ತು ಹೇಳಿಯೇಬಿಡಬೇಕು ಎಂದುಕೊಂಡು ರಯಿಸಾ ಮನೆಯ ಬಾಗಿಲು ಹಾಕಿದಳು. ಮೂರು ವಾರಗಳಿಂದ ಪ್ರತಿ ಬೆಳಿಗ್ಗೆ ಹೀಗೆಯೇ ಅಂದುಕೊಂಡು ಬಾಗಿಲು ಹಾಕುತ್ತಿದ್ದಳು. ಹೇಳಬೇಕಾದದ್ದು ಉದ್ದದ ವಾಕ್ಯವೇನಲ್ಲ. ನಿಮ್ಮ ಮಗಳು ವಸಿಲಿನಾ ಜನವರಿಯಲ್ಲಿ ಕರಗಂಡಾದಲ್ಲಿ ತೀರಿಕೊಂಡಳು. ಮೂವತ್ತಮೂರು ವರ್ಷ ಈ ಊರಿನ ಮಕ್ಕಳಿಗೆ ವ್ಯಾಕರಣ ಕಲಿಸಿದವಳಾದ್ದರಿಂದ ಆ ಆರೇಳು ಪದಗಳನ್ನು ಹಿಂದೆಮುಂದೆ ಮಾಡಿ ನೋಡುವ ಚಟ ಬಿಟ್ಟಿರಲಿಲ್ಲ. ಊರಿನ ಹೆಸರು ಮೊದಲು ಬಂದರೆ ಕೇಳುವವಳಿಗೆ ಸಿದ್ಧವಾಗಲು ಒಂದು ಗಳಿಗೆ ಸಿಗುತ್ತದೆ. ‘ಮಗಳು’ ಎಂಬುದು ಮೊದಲು ಬಂದರೆ ಆ ಶಬ್ದಕ್ಕೇ ಮುದುಕಿಯ ಮುಖ ಅರಳಿಬಿಡಬಹುದು. ಅರಳಿದ ಆ ಮುಖ ಮುಂದಿನ ಪದಕ್ಕೆ ಏನಾಗುತ್ತದೆಂದು ತಾನು ನಿಂತು ನೋಡಬೇಕಾಗುತ್ತದೆ. ಸಂಕ ದಾಟುವಾಗ ಕೆಳಗೆ ಹೊಳೆ ಹಿಮ ಕರಗಿದ ನೀರಿನಿಂದ ಕೆಂಪಗೆ ಉಕ್ಕುತ್ತಿತ್ತು. ಫರ್ ಮರಗಳ ನೆರಳಿನಲ್ಲಿ ಮಾತ್ರ ಹಳೆಯ ಹಿಮ ಕೊಳಕು ಹತ್ತಿಯ ಹಾಗೆ ಉಳಿದಿತ್ತು. ಬೂಟು ಕೆಸರಿನಲ್ಲಿ ಹೂತು ಕಿತ್ತು ಬರುವಾಗಿನ ಸದ್ದಿಗೆ ಅವಳಿಗೆ ನಾಚಿಕೆಯಾಗುತ್ತಿತ್ತು, ಯಾರೋ ಎದುರಿಗೆ ಕೂತು ಬಾಯಿ ಚಪ್ಪರಿಸಿ ತಿನ್ನುತ್ತಿರುವ ಹಾಗೆ. ಕಾಗದ ಬಂದದ್ದು ಫೆಬ್ರವರಿಯಲ್ಲಿ. ವಸಿಲಿನಾಳ ಗಂಡ ಬರೆದದ್ದು. ಗಣಿಯಲ್ಲಿ ವಿದ್ಯುತ್ ಕೆಲಸದವನಂತೆ, ಅಕ್ಷರ ದಪ್ಪ, ಅಲ್ಪವಿರಾಮ ಎಂಬುದೇ ಗೊತ್ತಿಲ್ಲ. ಅವಳ ವಿಳಾಸದ ಪುಸ್ತಕದಲ್ಲಿ ನಿಮ್ಮ ಹೆಸರು ಎಲ್ಲಕ್ಕಿಂತ ಮೊದಲು ಇತ್ತು ಆದ್ದರಿಂದ ತಿಳಿಸುತ್ತಿದ್ದೇನೆ, ಎಂದಿದ್ದ. ಆ ಸಾಲು ಓದಿದಾಗ ರಯಿಸಾಳ ಎದೆಯಲ್ಲಿ ಮೊದಲು ಎದ್ದದ್ದು ದುಃಖವಲ್ಲ, ಹೆಮ್ಮೆ. ಎಲ್ಲಕ್ಕಿಂತ ಮೊದಲು. ದುಃಖಕ್ಕಾಗಿ ಅವಳು ಕುರ್ಚಿಯ ಮೇಲೆ ಕೂತು ಕಾಯಬೇಕಾಯಿತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು, ಎದ್ದುಹೋದಳು.

ಹೇಳಲೆಂದೇ ಮೊದಲ ಸಲ ಈ ಗುಡ್ಡ ಹತ್ತಿದ್ದಳು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಆಗಷ್ಟೇ ಶುರುವಾಗಿದ್ದವು. ವಸಿಲಿನಾಳ ತಾಯಿ ಹಾಫಿಯಾ ಬಾಗಿಲು ತೆಗೆದು, ಕುರಿತುಪ್ಪಟದ ಅಂಗಿಯ ಮೇಲೆ ಕೈ ಒರೆಸಿಕೊಳ್ಳುತ್ತ, ತನ್ನ ಎಪ್ಪತ್ತೆಂಟು ವರ್ಷದ ತಿಳಿ ಕಣ್ಣುಗಳಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದಳು. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಊರಿನಲ್ಲಿದ್ದೂ ಅವರಿಬ್ಬರೂ ಒಂದು ಹೊಸ್ತಿಲಿನ ಆಚೀಚೆ ನಿಂತಿರಲಿಲ್ಲ. ರಯಿಸಾ ಬಾಯಿ ತೆರೆದಳು. ‘ನಿಮ್ಮ’ ಎಂಬ ಪದ ಹೊರಟಿತ್ತು ಕೂಡ. ಅಷ್ಟರಲ್ಲಿ ಮುದುಕಿಯೇ ಕೇಳಿದಳು:

“ಕಲಿಯೋಕ್ ಬಂದ್ರಾ ಟೀಚರಮ್ಮ? ಸ್ಕೂಲಲ್ಲಿ ಈಗ ಈಸ್ಟರ್ ಮೊಟ್ಟೆ ಬರೆಯೋದು ಕಲಿಸ್ಬೇಕು ಅಂತ ಮಾಡಿದಾರಂತಲ್ಲ.”

ಹೌದು ಎಂದಿದ್ದಳು ರಯಿಸಾ. ಅಷ್ಟು ಸಲೀಸಾಗಿ, ಮೆಟ್ಟಿಲು ಜಾರಿದವರು ಸಿಕ್ಕ ಕಂಬ ಹಿಡಿದುಕೊಳ್ಳುವ ಹಾಗೆ. ಹೌದು, ಕಲಿಯೋಣ ಅಂತ ಬಂದೆ. ಅವತ್ತಿನಿಂದ ದಿನವೂ ಹತ್ತು ಗಂಟೆಗೆ ಬಂದು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದಳು. ಕಲಿಯುತ್ತಿದ್ದಳು. ಮಧ್ಯಾಹ್ನ ಹಾಫಿಯಾ ಬಡಿಸಿದ ಮೆಕ್ಕೆಜೋಳದ ಮುದ್ದೆಯನ್ನೂ ಹುಳಿ ಎಲೆಕೋಸನ್ನೂ ಉಣ್ಣುತ್ತಿದ್ದಳು. ಸತ್ತವಳ ತಾಯಿಯ ಕೈಯ ಅನ್ನ, ಸಾವಿನ ಸುದ್ದಿಯನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡು. ಎರಡನೆಯ ಸಲ ಬಡಿಸಲು ಬಂದರೆ ಸಾಕು ಎನ್ನುವುದನ್ನೂ ಎರಡನೆಯ ವಾರದಿಂದ ಬಿಟ್ಟಿದ್ದಳು.

ಇವತ್ತು ಮನೆಯೊಳಗೆ ಯೆವ್ದೋಖಾ ಇದ್ದಳು. ಬಾಗಿಲಲ್ಲಿ ಅವಳ ರಬ್ಬರ್ ಬೂಟು ಕಂಡಾಗಲೇ ರಯಿಸಾಳಿಗೆ ಹಗುರವಾಯಿತು: ಮೂರನೆಯವರ ಎದುರು ಹೇಳುವುದು ಹೇಗೆ, ಇವತ್ತಿಲ್ಲ. ಯೆವ್ದೋಖಾ ಹಾಫಿಯಾಳ ಅಣ್ಣನ ಮಗಳು, ಅಂಚೆ ಕಚೇರಿಯಲ್ಲಿ ಕೆಲಸ, ವಾರಕ್ಕೆರಡು ದಿನ ಅತ್ತೆಯ ಮನೆಗೆ ಬಂದು ಸೌದೆ ಒಡೆದುಕೊಟ್ಟು ಹೋಗುತ್ತಿದ್ದಳು. ರಯಿಸಾಳ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ, ವಸಿಲಿನಾಳ ಹಿಂದೆ ಕೂರುತ್ತಿದ್ದವಳು. ಕಾಗುಣಿತ ಎಂದೂ ಸರಿಬರದ ಹುಡುಗಿ. ಈಗ ನಲವತ್ತರ ದಪ್ಪ ಹೆಂಗಸು, ಮೇಲಿನ ಎರಡು ಹಲ್ಲಿಗೆ ಲೋಹದ ಕಟ್ಟು. ಗುರುವನ್ನು ಕಂಡರೆ ಎದ್ದು ನಿಲ್ಲುತ್ತಿದ್ದಳು, ಈಗಲೂ ಎದ್ದಳು, ಆದರೆ ಅಷ್ಟು ನಿಧಾನವಾಗಿ ಎದ್ದಳೆಂದರೆ ಏಳುವುದೇ ಒಂದು ಟೀಕೆಯಾಯಿತು.

ಹಾಫಿಯಾ ಮೇಣದ ಬಟ್ಟಲನ್ನು ಒಲೆಯ ಅಂಚಿಗೆ ಸರಿಸಿ, ರಯಿಸಾಳ ಮುಂದೆ ನಿನ್ನೆ ಅರ್ಧಕ್ಕೆ ಬಿಟ್ಟಿದ್ದ ಮೊಟ್ಟೆಯನ್ನು ಇಟ್ಟಳು. ಹಸಿ ಮೊಟ್ಟೆ. ಬೇಯಿಸಿದ್ದರ ಮೇಲೆ ಬರೆಯುವುದಿಲ್ಲ, ಒಳಗೆ ಜೀವ ಇರಬೇಕು ಎಂದು ಮೊದಲ ದಿನವೇ ಹೇಳಿದ್ದಳು. ಕಡ್ಡಿಯ ತುದಿಗೆ ಕಟ್ಟಿದ ಹಿತ್ತಾಳೆಯ ಸಣ್ಣ ಕೊಳವೆಯನ್ನು ದೀಪಕ್ಕೆ ಹಿಡಿದು, ಮೇಣದಲ್ಲಿ ಅದ್ದಿ, ಚಿಪ್ಪಿನ ಮೇಲೆ ಗೆರೆ ಎಳೆಯಬೇಕು. ಬಿಳಿಯಾಗಿ ಉಳಿಯಬೇಕಾದದ್ದನ್ನೆಲ್ಲ ಮೊದಲು ಮೇಣದಿಂದ ಮುಚ್ಚಿ ಹಳದಿಯಲ್ಲಿ ಮುಳುಗಿಸಬೇಕು, ಹಳದಿಯಾಗಿ ಉಳಿಯಬೇಕಾದದ್ದನ್ನು ಮುಚ್ಚಿ ಕೆಂಪಿನಲ್ಲಿ, ಕೊನೆಗೆ ಕಪ್ಪು. ಮುಗಿಯುವವರೆಗೂ ಮೊಟ್ಟೆ ಸುಟ್ಟ ಬದನೆಕಾಯಿಯ ಹಾಗೆ ಕಾಣುತ್ತದೆ. ಬರೆದವಳಿಗೂ ತಾನೇನು ಬರೆದೆನೆಂಬುದು ದೀಪದ ಪಕ್ಕ ಹಿಡಿದು ಮೇಣ ಕರಗಿಸಿ ಒರೆಸಿದಾಗಲೇ ಗೊತ್ತಾಗುವುದು. ರಯಿಸಾಳಿಗೆ ಗೆರೆ ನೇರ ಬರುತ್ತಿತ್ತು, ಮೊದಲ ದಿನದಿಂದಲೂ. ಅದೇ ತೊಡಕು. ಹಾಫಿಯಾಳ ಗೆರೆಗಳು ಮೊಟ್ಟೆಯ ಜೊತೆ ಬಾಗುತ್ತಿದ್ದವು, ಫರ್ ಕೊಂಬೆಯೂ ಕುರಿಯ ಕೊಂಬೂ ಆಗಿ ಚಿಪ್ಪನ್ನು ಸುತ್ತಿ ಬಂದು ತಮ್ಮ ಬಾಲವನ್ನೇ ಹಿಡಿಯುತ್ತಿದ್ದವು. ರಯಿಸಾಳದ್ದು ಹೊರಟ ಕಡೆಗೆ ಹಿಂದಿರುಗಿದಾಗ ಯಾವಾಗಲೂ ಒಂದು ಕೂದಲೆಳೆ ಮೇಲೋ ಕೆಳಗೋ ಇರುತ್ತಿತ್ತು. ಕೈ ತಿರುಗಿಸ್ಬೇಡಿ, ಮೊಟ್ಟೆ ತಿರುಗಿಸಿ, ಎಂದು ಹಾಫಿಯಾ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದಳು, ಒಮ್ಮೆಯೂ ದನಿ ಏರಿಸದೆ. ಆ ಸಹನೆ ರಯಿಸಾಳಿಗೆ ಚುಚ್ಚುತ್ತಿತ್ತು. ತಾನು ದಡ್ಡ ಮಕ್ಕಳೊಂದಿಗೆ ಬಳಸುತ್ತಿದ್ದದ್ದು ಅದೇ ಸಹನೆ, ಅದರೊಳಗೆ ಏನಿರುತ್ತದೆಂದು ಅವಳಿಗೆ ಗೊತ್ತಿತ್ತು.

ಯೆವ್ದೋಖಾ ಬಗ್ಗಿ ನೋಡಿದಳು. “ಟೀಚರಮ್ಮನ ಮೊಟ್ಟೆ ನೋಡಿದ್ರೆ ಇಟ್ಟ ಕೋಳೀಗೂ ಹೋಮ್‌ವರ್ಕ್ ನೆನಪಾಗುತ್ತೆ,” ಎಂದಳು. ಹಾಫಿಯಾ ನಗಲಿಲ್ಲ, ಗದರಿಸಲೂ ಇಲ್ಲ. ತನ್ನ ಮೊಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ರಯಿಸಾ ನಕ್ಕಳು. ಎಲ್ಲರಿಗಿಂತ ಮೊದಲು ತಾನೇ ನಕ್ಕುಬಿಡುವುದನ್ನು ಅವಳು ಈಚೆಗೆ ಕಲಿತಿದ್ದಳು, ಸರ್ಕಾರ ಬದಲಾಗುವ ಗಾಳಿ ಬೀಸಿ, ಇಗರ್ಜಿಗೆ ಮತ್ತೆ ಬಾಗಿಲು ಬಂದು, ಅಂಗಡಿಯ ಸಾಲಿನಲ್ಲಿ ಹೆಂಗಸರು ಅವಳಿಗೆ ಜಾಗ ಬಿಡುವುದನ್ನು ನಿಲ್ಲಿಸಿದ ಮೇಲೆ. ಹೊಸ ಮುಖ್ಯೋಪಾಧ್ಯಾಯ ಅವಳ ಹಳೆಯ ವಿದ್ಯಾರ್ಥಿ. ದಾರಿಯಲ್ಲಿ ಸಿಕ್ಕಾಗ ಟೋಪಿ ತೆಗೆಯುತ್ತಾನೆ, ನಿಲ್ಲುವುದಿಲ್ಲ.

ಬಿಸಿಯಾದ ಮೇಣದ ವಾಸನೆ. ಮೂವತ್ತು ವರ್ಷದ ಹಿಂದಿನ ಆ ದಿನವೂ ತರಗತಿಯಲ್ಲಿ ಈ ವಾಸನೆ ಇತ್ತೇ? ಇರಲಿಕ್ಕಿಲ್ಲ. ಹಬ್ಬ ಮಾಡುವುದೇ ಅಪರಾಧವಾಗಿದ್ದ ಕಾಲ; ಈಸ್ಟರ್ ಭಾನುವಾರವೇ ಶಾಲೆ ನಡೆಸಬೇಕೆಂದು ಜಿಲ್ಲೆಯಿಂದ ಆದೇಶ ಬಂದಿತ್ತು, ಮೊಟ್ಟೆಯ ಬಣ್ಣ ಅಂಟಿದೆಯೇ ಎಂದು ಮಕ್ಕಳ ಕೈ ನೋಡಬೇಕೆಂದೂ. ಎಲ್ಲ ಕಡೆಯೂ ನೋಡುತ್ತಿದ್ದರು, ತಾನೊಬ್ಬಳೇ ಅಲ್ಲ, ಎಷ್ಟೋ ಜನ ಕೋಲು ಹಿಡಿದು ನೋಡುತ್ತಿದ್ದರು, ತಾನು ಕೋಲು ಮುಟ್ಟಿದವಳಲ್ಲ. ಆಗ ಅವಳಿಗೆ ಇಪ್ಪತ್ತೇಳು ವರ್ಷ, ಬಯಲುಸೀಮೆಯಿಂದ ಬಂದವಳು, ಕುತ್ತಿಗೆಗೆ ಬಿಳಿ ಕಾಲರು. ಈರುಳ್ಳಿ ಸಿಪ್ಪೆಯ ಬಣ್ಣ ಉಗುರಿನ ಸಂದಿಯಲ್ಲಿ ಕೂತರೆ ಒಂದು ವಾರ ಹೋಗುವುದಿಲ್ಲ ಎಂಬುದನ್ನು ಕೂಡ ಅವಳು ಇಲ್ಲಿಗೆ ಬಂದೇ ಕಲಿತದ್ದು. ಹನ್ನೊಂದು ವರ್ಷದ ವಸಿಲಿನಾ, ತರಗತಿಗೇ ಚುರುಕಾದ ಹುಡುಗಿ, ಕೈ ಹಿಂದೆ ಕಟ್ಟಿ ನಿಂತಿದ್ದಳು. ಮುಂದೆ ಚಾಚು ಎಂದಾಗ ಚಾಚಿದ ಕೈಯಲ್ಲಿ ಒಂದು ಮೊಟ್ಟೆ ಇತ್ತು. ನಿಮಗೆ ಅಂತ ತಂದೆ, ಎಂದಿದ್ದಳು. ಉಡುಗೊರೆ. ರಯಿಸಾ ಅದನ್ನು ತೆಗೆದುಕೊಳ್ಳಲಿಲ್ಲ. ಮಂಡಿಯೂರಿ, ಹುಡುಗಿಯ ಕಣ್ಣಿನ ಮಟ್ಟಕ್ಕೆ ಬಂದು, ಸಕ್ಕರೆಯಂಥ ದನಿಯಲ್ಲಿ, ಇದನ್ನು ಮಾಡಿದವರು ಯಾರು ಪುಟ್ಟಿ, ನಿಜ ಹೇಳಿದರೆ ಏನೂ ಆಗುವುದಿಲ್ಲ, ಎಂದು ಕೇಳಿದ್ದಳು. ಗದರಿಸಿದ್ದರೆ ಹುಡುಗಿ ಹೇಳುತ್ತಿರಲಿಲ್ಲ, ಅಂಥ ಹಟದವಳು; ಆ ದನಿಗೆ ಸೋತಳು. ಅಮ್ಮ, ಎಂದಳು. ಆಮೇಲೆ ಅದನ್ನು ಎಲ್ಲರ ಎದುರು ಒಡೆಯಲು ಹೇಳಿದ್ದು, ಅವಳು ಒಡೆಯದೆ ನಿಂತದ್ದು, ಘಂಟೆ ಬಾರಿಸುವವರೆಗೂ ಯಾರೂ ಕೂರಬಾರದು ಎಂದು ಇಡೀ ತರಗತಿಯನ್ನು ನಿಲ್ಲಿಸಿದ್ದು, ಹಿಂದಿನ ಬೆಂಚಿನಿಂದ ಈ ಯೆವ್ದೋಖಾಳೇ ಒಡೆಯೇ, ಕಾಲು ನೋಯ್ತಿದೆ, ಎಂದದ್ದು. ಹಳದಿ ಲೋಳೆ ಹುಡುಗಿಯ ಬೆರಳ ಸಂದಿಯಿಂದ ಪುಸ್ತಕದ ಮೇಲೆ ಇಳಿಯಿತು. ಹಸಿಯದು ಎಂದು ರಯಿಸಾಳಿಗೆ ಗೊತ್ತಿರಲಿಲ್ಲ. ಬೇಯಿಸಿದ್ದು ಅಂದುಕೊಂಡಿದ್ದಳು. ಎಷ್ಟೋ ವರ್ಷ ಅದೊಂದು ಸಮಜಾಯಿಷಿಯನ್ನು ಅವಳು ಮನಸ್ಸಿನಲ್ಲಿ ಬೆಳಗಿ ಇಟ್ಟುಕೊಂಡಿದ್ದಳು.

ಹಾಫಿಯಾಳನ್ನು ಊರ ಸಭೆಯಲ್ಲಿ ವೇದಿಕೆಯ ಮೇಲೆ ನಿಲ್ಲಿಸಿದರು. ಹಾಲಿನ ಕೊಟ್ಟಿಗೆಯಿಂದ ತೆಗೆದು ಮರ ಸಾಗಿಸುವ ಕೆಲಸಕ್ಕೆ ಹಾಕಿದರು. ಮೂರು ದಿನ ಬಿಟ್ಟು ವಸಿಲಿನಾ ಬಲಗೈಗೆ ಬಟ್ಟೆ ಸುತ್ತಿಕೊಂಡು ಶಾಲೆಗೆ ಬಂದಳು. ತಾಯಿ ಅವಳ ಬೆರಳುಗಳನ್ನು ಕಾದ ಮೇಣದ ಬಟ್ಟಲಿಗೆ ಒತ್ತಿಹಿಡಿದಿದ್ದಳು. ಬಟ್ಟೆ ಬಿಚ್ಚಿ ಬೊಬ್ಬೆಗಳನ್ನು ನೋಡಿದಾಗ ರಯಿಸಾಳಿಗೆ ಕರುಳು ಕಿತ್ತುಬಂದಿತ್ತು. ಅದು ಸುಳ್ಳಲ್ಲ. ಅದರ ಬೆನ್ನಿಗೇ, ಅದೇ ಉಸಿರಿನಲ್ಲಿ, ಒಂದು ಸಂತೋಷವೂ ಬಂದಿತ್ತು: ಇನ್ನು ತಪ್ಪು ತನ್ನದಲ್ಲ. ಅವತ್ತೇ ಸಂಜೆ ಎರಡು ಪುಟದ ವರದಿ ಬರೆದಳು. ಮೂಢನಂಬಿಕೆಗೆ ಬಲಿಯಾದ ಮಗು ಎಂಬ ಪದಗಳು ಅದರಲ್ಲಿದ್ದವು. ತಿಂಗಳೊಳಗೆ ವಸಿಲಿನಾಳನ್ನು ದೂರದ ವಸತಿಶಾಲೆಗೆ ಕರೆದೊಯ್ದರು. ಅಲ್ಲಿಂದ ಅವಳು ಇನ್ನೂ ದೂರದ ಗಣಿಯೂರು ಕರಗಂಡಾಗೆ ಹೋದಳು, ತಾಯಿಯ ಕಡೆ ತಿರುಗಿ ನೋಡಲಿಲ್ಲ. ರಯಿಸಾಳಿಗೆ ಮಾತ್ರ ಪ್ರತಿ ಹೊಸವರ್ಷಕ್ಕೆ ಒಂದು ಕಾರ್ಡು ಬರುತ್ತಿತ್ತು. ಇಪ್ಪತ್ತೆಂಟು ಕಾರ್ಡುಗಳು. ಅಮ್ಮನಿಗೆ ಹೇಳಬೇಡಿ ಎಂದು ಮೊದಲ ಕಾರ್ಡಿನಲ್ಲಿತ್ತು. ಆಮೇಲಿನವುಗಳಲ್ಲಿ ಹಾಗೇನೂ ಇರಲಿಲ್ಲ, ಆದರೂ ರಯಿಸಾ ಹೇಳಲಿಲ್ಲ. ಅಂಗಡಿಯ ಸಾಲಿನಲ್ಲಿ ಹಾಫಿಯಾಳ ತಲೆವಸ್ತ್ರವನ್ನು ಹಿಂದಿನಿಂದ ನೋಡುತ್ತ, ನಿನ್ನ ಮಗಳಿಗೆ ಗಂಡುಮಗು ಆಗಿದೆ, ನಿನ್ನ ಮಗಳು ಮನೆ ಬದಲಾಯಿಸಿದಳು, ಎಂದು ಮನಸ್ಸಿನಲ್ಲೇ ಹೇಳಿಕೊಂಡು, ತನ್ನ ರೊಟ್ಟಿ ತೆಗೆದುಕೊಂಡು ಬರುತ್ತಿದ್ದಳು. ಆಗ ಅವಳಿಗೆ ಅನ್ನಿಸುತ್ತಿದ್ದದ್ದು ಅಪರಾಧವಲ್ಲ, ಶ್ರೀಮಂತಿಕೆ.

“ಕಪ್ಪಿಗೆ ಹಾಕೋ ಮುಂಚೆ ಒಂದ್ಸಲ ಒರೆಸಿ ನೋಡೋಣ, ಕೆಂಪು ಹೇಗೆ ಕೂತಿದೆ ಅಂತ,” ಎಂದಳು ಹಾಫಿಯಾ. “ಇದು ಕಪ್ಪಿಗೆ ತಡೆಯಲ್ಲ ಅನ್ಸುತ್ತೆ. ಕೆಂಪಿಗೇ ಮುಗಿಸಿ.”

ರಯಿಸಾ ಮೊಟ್ಟೆಯನ್ನು ದೀಪದ ಪಕ್ಕಕ್ಕೆ ಹಿಡಿದಳು. ಮೇಲಕ್ಕಲ್ಲ, ಪಕ್ಕಕ್ಕೆ, ಮಸಿ ಹಿಡಿಯದ ಹಾಗೆ. ಅಷ್ಟು ಅವಳಿಗೆ ಬಂದಿತ್ತು. ಮೇಣ ಬೆವರಿನಂತೆ ಹೊಳೆದು ಕರಗಿತು. ಒರೆಸಿದಲ್ಲಿ ಕೆಂಪಿನೊಳಗಿಂದ ಹಳದಿ ಎದ್ದಿತು, ಹಳದಿಯೊಳಗಿಂದ ಬಿಳಿ. ಕೊಂಬೆ ಬಾಗಿತ್ತು. ನಿಜವಾಗಿಯೂ ಬಾಗಿತ್ತು. ಮೂರು ವಾರಗಳಲ್ಲಿ ಮೊದಲ ಸಲ ಒಂದು ಗೆರೆ ಹೋಗಿ ತನ್ನ ಬಾಲವನ್ನು ಹಿಡಿದಿತ್ತು. ಅವಳಿಗೆ ಕಣ್ಣು ತುಂಬಿತು. ನೋಡಿ, ಎಂದು ಹೇಳಲು ತಲೆಯೆತ್ತಿದಳು. ಬೆಂಚಿನಿಂದ ಎದ್ದು ಮೇಜಿಗೆ ಓಡಿಬರುವ ಮಗುವಿನ ಮುಖ ತನಗೆ ಬಂದಿದೆ ಎಂದು ಅವಳಿಗೇ ಗೊತ್ತಾಯಿತು. ಹಿಂಭಾಗವನ್ನು ಇನ್ನೊಂದು ಗಳಿಗೆ ದೀಪಕ್ಕೆ ಕೊಟ್ಟಳು. ಮೊಟ್ಟೆ ಅವಳ ಕೈಯಲ್ಲಿ ಸಣ್ಣ ಪಟಾಕಿಯಂತೆ ಸಿಡಿಯಿತು.

ಬೂದುಹಸಿರು ರಸ ಅವಳ ರವಿಕೆಯ ಮೇಲೆ, ಗಲ್ಲದ ಮೇಲೆ, ಕನ್ನಡಕದ ಮೇಲೆ. ಕೊಳೆತ ಮೊಟ್ಟೆ. ಆ ನಾತಕ್ಕೆ ಅವಳು ಮುಖ ತಿರುಗಿಸಿದಳು. ಯೆವ್ದೋಖಾ ಕಿಟಕಿ ತೆರೆಯಲು ಹೋದವಳು ಕಿಟಕಿಯ ಚೌಕಟ್ಟಿಗೆ ಹಣೆಯಿಟ್ಟು ನಗುತ್ತಿದ್ದಳು, ಸದ್ದಿಲ್ಲದೆ, ಭುಜ ಕುಲುಕುತ್ತಿತ್ತು. ಇದು ಯಾವಾಗಿನ ಮೊಟ್ಟೆ ಎಂದು ರಯಿಸಾ ಕೇಳಿದಳು. ಉತ್ತರ ಕೊಟ್ಟವಳು ಯೆವ್ದೋಖಾ: ಕ್ರಿಸ್ಮಸ್‌ಗೂ ಮುಂಚಿನವು, ಕೋಳಿ ಕಾವು ಬಿಟ್ಟು ಎದ್ದುಹೋದವು, ಕಲಿಯೋರ ಕೈಗೆ ಯಾರಾದರೂ ಒಳ್ಳೇ ಮೊಟ್ಟೆ ಕೊಡ್ತಾರಾ. ಹಾಫಿಯಾ ಎದ್ದು ಒಂದು ಚಿಂದಿಯನ್ನು ನೀರಿನಲ್ಲಿ ಅದ್ದಿ ತಂದು ಮೇಜಿನ ಮೇಲಿಟ್ಟಳು. ಮೊದಲು ಮೇಜನ್ನು ಒರೆಸಿದಳು.

ಆಗ ರಯಿಸಾ ಹೇಳಿದಳು. ಎದ್ದು ನಿಂತು, ಕನ್ನಡಕ ತೆಗೆದು, ಹಿಂದಿನ ಬೆಂಚಿಗೂ ಕೇಳುವ ಹಾಗೆ ಎದೆಯಿಂದ ಹೊರಡುವ ತನ್ನ ಹಳೆಯ ದನಿಯಲ್ಲಿ: “ನಿಮ್ಮ ಮಗಳು ಸತ್ತುಹೋದಳು. ವಸಿಲಿನಾ. ಜನವರಿಯಲ್ಲೇ. ನನಗೆ ಕಾಗದ ಬಂದಿದೆ, ನನಗೆ.” ಮೂರು ವಾರ ಜೋಡಿಸಿದ ಕ್ರಮ ಯಾವುದೂ ಉಳಿಯಲಿಲ್ಲ. ಕೊನೆಯ ಪದವಂತೂ ಅವಳ ತಯಾರಿಯಲ್ಲಿ ಇರಲೇ ಇಲ್ಲ, ತಾನಾಗಿ ಬಂತು. ಹೇಳಿದ ಕೂಡಲೇ ಅವಳು ಮುದುಕಿಯ ಮುಖ ನೋಡಿದಳು. ನೋಡಬೇಕೆಂದು ಬಯಸಿಯೇ ನೋಡಿದಳು.

ಹಾಫಿಯಾ ಚಿಂದಿಯನ್ನು ಹಿಂಡಿದಳು. “ಹನ್ನೊಂದನೇ ತಾರೀಕು. ಶುಕ್ರವಾರ,” ಎಂದಳು. “ಎದೇಲಿ ಗಂಟು. ಆರು ತಿಂಗಳು ಆಸ್ಪತ್ರೇಲಿದ್ಲು. ಹಸಿರು ಸ್ಯಾಟಿನ್ ಬಟ್ಟೆ ಹಾಕಿ ಮಣ್ಣು ಮಾಡಿದಾರೆ, ಅವಳೇ ಹೇಳಿಟ್ಟಿದ್ಲಂತೆ. ಇದೆಲ್ಲ ನಿನ್ನ ಕಾಗದದಲ್ಲಿ ಇತ್ತಾ?”

ಇರಲಿಲ್ಲ. ರಯಿಸಾಳದ್ದು ಒಂಬತ್ತು ಸಾಲಿನ ಕಾಗದ. ಅವಳ ಕಣ್ಣು ಯೆವ್ದೋಖಾಳ ಕಡೆ ಹೊರಳಿತು. ಯೆವ್ದೋಖಾ ಈಗ ನಗುತ್ತಿರಲಿಲ್ಲ. ಅಂಚೆ ಕಚೇರಿ. ಅವಳು ಅಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಕರಗಂಡಾದ ಮುದ್ರೆ ಬಿದ್ದ ಪ್ರತಿ ಕಾರ್ಡು ಮೊದಲು ಆ ಕೈಗಳನ್ನು ದಾಟಿಯೇ ತನಗೆ ಬಂದಿತ್ತು ಎಂಬುದು, ಮೂವತ್ತಮೂರು ವರ್ಷ ಪಾಠ ಹೇಳಿದವಳಿಗೆ, ಈಗ ಹೊಳೆಯಿತು. ಹಾಗಾದರೆ ಅಂಗಡಿಯ ಸಾಲಿನಲ್ಲಿ ತನಗೆ ಬೆನ್ನು ಮಾಡಿ ನಿಂತಿದ್ದ ಆ ತಲೆವಸ್ತ್ರಕ್ಕೆ ಎಲ್ಲ ಗೊತ್ತಿತ್ತು. ಗಂಡುಮಗು, ಮನೆ ಬದಲಾಯಿಸಿದ್ದು, ಎಲ್ಲ.

“ನಿನಗೆ ಬಂದ ದಿನಾನೇ ನಂಗೂ ಒಂದು ಬಂತು,” ಹಾಫಿಯಾ ಹೇಳಿದಳು. ಮೂರು ವಾರ ಬಳಸಿದ ಬಹುವಚನ ಹೋಗಿತ್ತು. ಅದು ಹೋದದ್ದು ಕೂಡ ಸಿಟ್ಟಿನಿಂದಲ್ಲ, ಹಬ್ಬದ ಬಟ್ಟೆ ಕಳಚಿಟ್ಟ ಹಾಗೆ. “ಇವಳು ಓದಿ ಹೇಳಿದ್ಲು. ಆಮೇಲೆ ನೀನು ಬಂದು ಬಾಗಿಲಲ್ಲಿ ನಿಂತೆ. ಮುಖ ನೋಡಿದ್ರೇ ಗೊತ್ತಾಯ್ತು, ಹೇಳೋಕ್ ಬಂದಿದಾಳೆ ಅಂತ. ಒಂದು ಸುಳ್ಳು ಕೊಟ್ಟು ನೋಡೋಣ ಅನ್ಸಿತು. ಕೊಟ್ಟೆ. ನೀನು ತಗೊಂಡೆ.”

ರಯಿಸಾಳ ಗಲ್ಲದಿಂದ ರಸ ಕಾಲರಿಗೆ ಇಳಿಯುತ್ತಿತ್ತು. ಚಿಂದಿ ಮೇಜಿನ ಮೇಲೇ ಇತ್ತು, ಅವಳು ಅದನ್ನು ತೆಗೆದುಕೊಳ್ಳಲಿಲ್ಲ.

“ದಿನಾ ಕಾಯ್ತಿದ್ದೆ. ನೀನು ಕರುಣೆ ಬಂದು ಹೇಳ್ತೀಯೋ, ಸಿಟ್ಟು ಬಂದು ಹೇಳ್ತೀಯೋ ಅಂತ. ಕರುಣೆ ಬಂದು ಹೇಳಿದ್ರೆ ನಿನ್ನ ಜೊತೆ ಕೂತು ಅಳೋಣ ಅಂದ್ಕೊಂಡಿದ್ದೆ. ಈ ಯೆವ್ದೋಖಾ ಜೊತೆ ಅತ್ರೆ ಏನು ಬಂತು, ಇವಳು ಅವಳನ್ನ ಹಚ್ಚಿಕೊಂಡೋಳಲ್ಲ. ನೀನು ಹಚ್ಚಿಕೊಂಡೋಳು.”

ಆ ದಿನ ಶಾಲೆಯಲ್ಲಿ ನಾನು, ಎಂದು ರಯಿಸಾ ಶುರುಮಾಡಿದಳು. ಅದನ್ನು ಹೇಳಲು ಮೂವತ್ತು ವರ್ಷಗಳಿಂದ ಪದಗಳಿದ್ದವು, ಒಳ್ಳೆಯ ಪದಗಳು, ಹೇಳಿದರೆ ಕೇಳಿದವರು ಕರಗುವಂಥವು. ಹಾಫಿಯಾ ಕೈಯೆತ್ತಿದಳು.

“ಅದು ಬೇಡ. ಬೆರಳು ಸುಟ್ಟಿದ್ದು ನಾನು. ಹಿಡಿದಿದ್ದು ಈ ಕೈ. ಅವಳು ಅಮ್ಮಾ ಅಂತಿದ್ಲು, ಆದ್ರೂ ಹಿಡಿದಿದ್ದೆ. ಅದು ನನ್ನ ಪಾಲು. ಅದಕ್ಕೂ ನೀನೇ ಬಾಯಿ ಹಾಕ್ಬೇಡ.”

ಅವಳು ಕೂತಳು. ಕಡ್ಡಿಯನ್ನು ದೀಪಕ್ಕೆ ಹಿಡಿದು, ಮೇಣದಲ್ಲಿ ಅದ್ದಿ, ತನ್ನ ಮೊಟ್ಟೆಯನ್ನು ತಿರುಗಿಸತೊಡಗಿದಳು. ಹೋಗು ಎನ್ನಲಿಲ್ಲ. ಆ ಮನೆಯಲ್ಲಿ ಈಗ ತಾನು ಮಾಡಬೇಕಾದದ್ದು ಏನೂ ಉಳಿದಿಲ್ಲ ಎಂದು ರಯಿಸಾಳಿಗೆ ಗೊತ್ತಿತ್ತು. ಶಾಲು ತೆಗೆದುಕೊಂಡಳು. ಬಾಗಿಲವರೆಗೆ ಹೋದಳು. ಅಲ್ಲಿ ನಿಂತು, ಕೇಳಬಾರದು, ಇದನ್ನು ಮಾತ್ರ ಕೇಳಬಾರದು ಎಂದುಕೊಳ್ಳುತ್ತಿರುವಾಗಲೇ ಕೇಳಿದಳು.

“ನಿಮಗೆ ಬಂದ ಕಾಗದದಲ್ಲಿ… ನನ್ನ ಬಗ್ಗೆ ಅವಳು ಏನಾದರೂ ಹೇಳಿದ್ದಳು ಅಂತ ಬರೆದಿದ್ದನೇ?”

ಯೆವ್ದೋಖಾ ಅತ್ತೆಯ ಕಡೆ ನೋಡಿದಳು. ಅತ್ತೆ ತಲೆಯೆತ್ತಲಿಲ್ಲ. ಮೊಟ್ಟೆ ತಿರುಗುವುದು ಮಾತ್ರ ಒಂದು ಗಳಿಗೆ ನಿಂತಿತು, ಮತ್ತೆ ತಿರುಗಿತು.

“ಇಲ್ಲ,” ಎಂದಳು ಯೆವ್ದೋಖಾ.

ಇಳಿಜಾರಿನಲ್ಲಿ ಕೆಸರು ಅವಳನ್ನು ಎರಡು ಸಲ ಕೂರಿಸಿತು. ಮುಖ ತೊಳೆದಿರಲಿಲ್ಲ, ಗಾಳಿಗೆ ಅದು ಒಣಗಿ ಚರ್ಮವನ್ನು ಬಿಗಿಯುತ್ತಿತ್ತು. ಸತ್ತವಳನ್ನು ನೆನೆಯಲು ಪ್ರಯತ್ನಿಸಿದಳು. ನಲವತ್ತರ ವಸಿಲಿನಾಳ ಮುಖ ಅವಳಿಗೆ ಗೊತ್ತೇ ಇರಲಿಲ್ಲ, ಕಾರ್ಡುಗಳಲ್ಲಿ ಒಂದು ಫೋಟೋ ಬಂದಿರಲಿಲ್ಲ, ಕಳಿಸು ಎಂದು ತಾನೂ ಕೇಳಿರಲಿಲ್ಲ. ಬಂದದ್ದು ಯೆವ್ದೋಖಾಳ ನೋಟ. ಇಲ್ಲ ಎನ್ನುವುದಕ್ಕೆ ಅತ್ತೆಯ ಕಡೆ ಯಾಕೆ ನೋಡಬೇಕು? ಇಲ್ಲದ್ದನ್ನು ಇಲ್ಲ ಎನ್ನಲು ಯಾರ ಅಪ್ಪಣೆಯೂ ಬೇಡ. ಏನೋ ಇತ್ತು. ಒಳ್ಳೆಯದಿದ್ದರೆ ತನಗೆ ಸಿಗಬಾರದೆಂದು ಮುಚ್ಚಿಟ್ಟರು. ಕೆಟ್ಟದ್ದಿದ್ದರೆ ಹೇಳಿಯೇ ಹೇಳುತ್ತಿದ್ದರು, ಹೇಳದೆ ಬಿಡುತ್ತಿದ್ದರೇ? ಅಥವಾ ಕೆಟ್ಟದ್ದೇ ಇದ್ದು, ಮುದುಕಿಗೆ ಇಷ್ಟು ಸಾಕು ಅನ್ನಿಸಿತೇ? ಹಾಗಾದರೆ ಅದು ಕರುಣೆ. ಮೊಟ್ಟೆ ಒಂದು ಗಳಿಗೆ ನಿಂತದ್ದನ್ನು ಅವಳು ಕಂಡಿದ್ದಳು, ಅದರಲ್ಲಿ ಸಂದೇಹವಿಲ್ಲ. ಸಂಕದ ಹತ್ತಿರ ಬರುವಷ್ಟರಲ್ಲಿ ಅವಳು ಹುಡುಗಿಯನ್ನು ಮರೆತಾಗಿತ್ತು. ಆ ಗಳಿಗೆಯನ್ನೇ ಹಿಂದೆಮುಂದೆ ಮಾಡಿ, ಒಳಗೇನಿದೆಯೆಂದು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ನಾಳೆ ಹತ್ತು ಗಂಟೆಗೆ ತಾನು ಮತ್ತೆ ಈ ಗುಡ್ಡ ಹತ್ತುತ್ತೇನೆ ಎಂಬುದು ಅವಳಿಗೆ ಸಂಕದ ನಡುವೆ ಗೊತ್ತಾಯಿತು. ಕೆಳಗೆ ನೀರಿನ ಸದ್ದಿಗೆ ತನ್ನ ಯೋಚನೆಯೇ ತನಗೆ ಕೇಳಿಸದಂತಿತ್ತು. ಹೋಗಲು ಒಂದು ನೆಪ ಬೇಕು. ಸಂಕದ ಕಂಬಿ ಹಿಡಿದು ನಿಂತು ಹುಡುಕಿದಳು. ಕಪ್ಪು ಬಣ್ಣ ಹಾಕುವುದನ್ನು ಇನ್ನೂ ಕಲಿತಿಲ್ಲ, ಎಂದರಾಯಿತು. ಹಾಫಿಯಾ ನಂಬುವುದಿಲ್ಲ. ಬಾಗಿಲು ತೆಗೆಯುತ್ತಾಳೆ.